ನೆಕ್ಕಿ ಆರಿಸಿದ ಪ್ರೊಸೆಸರ್

ನನ್ನ ಗಂಡ ಸ್ತೀಪೆ ಪ್ರೊಸೆಸರನ್ನು ನೆಕ್ಕಿದ್ದು ನಿಜ. ಊರಲ್ಲಿ ಈಗಲೂ ಆ ಮಾತೆತ್ತಿ ನಗುತ್ತಾರೆ. ನಗಲಿ. ಹಾಗೆ ನಗುವವರಲ್ಲಿ ಒಬ್ಬರಾದರೂ ದಾರಿಯಲ್ಲಿ ಸಿಕ್ಕ ಕಲ್ಲನ್ನು ನೆಕ್ಕದೆ ಬಿಸಾಡಿದ್ದಾರೆಯೇ ಕೇಳಿ. ನಮ್ಮದು ಮರಳುಗಾಡಿನಲ್ಲಿ ಓಪಲ್ ರತ್ನ ಅಗೆಯುವ ಊರು. ಒಣಕಲ್ಲು ತನ್ನ ಬಣ್ಣ ತೋರಿಸುವುದಿಲ್ಲ, ಒದ್ದೆಯಾಗಬೇಕು. ಕುಡಿಯುವ ನೀರಿಗೇ ದುಡ್ಡು ಕೊಡುವ ಊರಲ್ಲಿ ಕಲ್ಲು ತೊಳೆಯುವುದಕ್ಕೆ ನಾಲಿಗೆಗಿಂತ ಅಗ್ಗದ್ದು ಯಾವುದಿದೆ? ಇಲ್ಲಿನ ಮಕ್ಕಳು ಮಾತು ಕಲಿಯುವ ಮೊದಲೇ ಕಲ್ಲು ನೆಕ್ಕುತ್ತವೆ. ನನಗೆ ಸಿಟ್ಟು ಬಂದದ್ದು ಅವನು ನೆಕ್ಕಿದ್ದಕ್ಕಲ್ಲ, ಆಮೇಲೆ ನಡೆದದ್ದಕ್ಕೆ.

ಮೊದಲಿನಿಂದ ಹೇಳುತ್ತೇನೆ. ಆ ಮಾರ್ಚ್‌ನಲ್ಲಿ ಸ್ತೀಪೆ ಗಣಿಬಾವಿಯ ತಳದಲ್ಲಿ ಎದೆ ಹಿಡಿದುಕೊಂಡು ಕುಸಿದ. ಮೇಲೆ ರಾಟೆಯ ಹತ್ತಿರ ಅವನ ಪಾಲುದಾರ ಥನಾಸಿ ಇದ್ದ. ಕೆಳಗಿನ ಗುದ್ದಲಿ ಸದ್ದು ನಿಂತದ್ದು ಕೇಳಿ ಅವನು ಏಣಿ ಇಳಿದ, ಇವನನ್ನು ಬಕೆಟ್ಟಿಗೆ ಕಟ್ಟಿದ, ಮತ್ತೆ ಏಣಿ ಹತ್ತಿ ಬಂದು ರಾಟೆ ಸುತ್ತಿ ಎತ್ತಿದ. ಒಬ್ಬ ಕೆಳಗಿದ್ದರೆ ಇನ್ನೊಬ್ಬ ಮೇಲಿರಲೇಬೇಕು, ಅದು ನಮ್ಮೂರಿನ ಮೊದಲ ನಿಯಮ. ಇಳಿಯುವವನು ಬಾವಿಯ ಬಾಯಲ್ಲಿ ನಿಂತು "ಮೇಲಿದ್ದೀಯಾ?" ಎಂದು ಕೂಗುತ್ತಾನೆ. ಪಾಲುದಾರ ಮೂಗಿನ ಮುಂದೆಯೇ ನಿಂತಿದ್ದರೂ ಕೂಗುತ್ತಾನೆ. "ಇದ್ದೀನಿ, ಇಳಿ" ಎಂಬ ಉತ್ತರ ಬಂದ ಮೇಲೆಯೇ ಏಣಿಗೆ ಕಾಲಿಡುವುದು. ಮದುವೆಯ ಪ್ರಮಾಣವನ್ನು ನನ್ನ ಗಂಡ ಒಮ್ಮೆ ಹೇಳಿದ್ದಾನೆ. ಈ ಮಾತನ್ನು ಮೂವತ್ತು ವರ್ಷ ದಿನಾ ಹೇಳಿದ್ದಾನೆ.

ಎರಡನೆಯ ನಿಯಮ ಪಾಲು. ಅದಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಕೈ ಕುಲುಕಿದರೆ ಮುಗಿಯಿತು. ಆಮೇಲೆ ಅಗೆದು ಸಿಕ್ಕಿದ್ದರಲ್ಲೆಲ್ಲ ಅರ್ಧರ್ಧ. ಲಾರಿ ಅರ್ಧ, ರಾಟೆ ಅರ್ಧ, ಸಿಡಿಮದ್ದು ಅರ್ಧ.

ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು: "ನೇವೆಂಕಾ, ಇವರಿನ್ನು ಬಾವಿಗೆ ಇಳಿಯೋ ಹಾಗಿಲ್ಲ. ಇಳಿದರೆ ಬಕೆಟ್ಟಲ್ಲಿ ಮೇಲೆ ಏನು ಬರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ?"

ಬೇಡ ಎಂದೆ. ಗಂಡನನ್ನು ಮನೆಗೆ ತಂದು ಕೂರಿಸಿದೆ. ನಮ್ಮ ಮನೆಯೂ ನೆಲದೊಳಗೇ ಇರುವುದು. ಹೊರಗೆ ಕಾಗೆಯೂ ಬಾಯಿ ಬಿಡುವ ಬಿಸಿಲಿದ್ದರೂ ಒಳಗೆ ತಂಪು. ಆದರೆ ಅಗೆಯುವವನನ್ನು ನಾಲ್ಕೂ ಕಡೆ ಬಂಡೆಯಿರುವ ಕೋಣೆಯಲ್ಲಿ ಸುಮ್ಮನೆ ಕೂರಿಸುವುದೆಂದರೆ ಕುಡುಕನನ್ನು ಹೆಂಡದಂಗಡಿಯಲ್ಲಿ ಕಟ್ಟಿಹಾಕಿದ ಹಾಗೆ. ಮೊದಲು ಚಮಚದಿಂದ ಗೋಡೆ ತಟ್ಟುತ್ತಿದ್ದ. ಒಂದು ದಿನ ನಾನು ಅಂಗಡಿಯಿಂದ ಬರುವಷ್ಟರಲ್ಲಿ ಮಲಗುವ ಕೋಣೆಯ ಗೋಡೆಯಲ್ಲಿ ಒಬ್ಬ ಮನುಷ್ಯ ಹಿಡಿಸುವಷ್ಟು ತೂತು. ನನ್ನ ದಿಂಬಿನ ಮೇಲೆ ಮಣ್ಣು, ಅವನ ಮುಖದಲ್ಲಿ ರಕ್ತವೇ ಇಲ್ಲ.

"ನಿನ್ನ ಬಟ್ಟೆ ಇಡೋಕೆ ಗೂಡು ಮಾಡ್ದೆ ನೇವಾ" ಅಂದ, ಏದುಸಿರು ಬಿಡುತ್ತ.

"ನನ್ನ ಬಟ್ಟೆಗಲ್ಲ, ನಿನ್ನ ಹೆಣಕ್ಕೆ ಸರಿಯಾಗಿದೆ ಅಳತೆ" ಅಂದೆ. ಅಂದ ಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ.

ಶಾಲೆಯ ಮೇಡಂ ಒಬ್ಬಳು ಉಪಾಯ ಹೇಳಿದಳು. ಕಂಪ್ಯೂಟರಿನಲ್ಲಿ ನೆಲ ಅಗೆಯುವ ಆಟವೊಂದಿದೆಯಂತೆ, ಎಷ್ಟು ಅಗೆದರೂ ಮುಗಿಯುವುದಿಲ್ಲವಂತೆ. ಶಾಲೆಯವರು ಮೂಲೆಗೆ ಹಾಕಿದ್ದ ಹಳೆಯ ಡಬ್ಬವೊಂದನ್ನು ತಂದೂ ಕೊಟ್ಟಳು. ಸ್ತೀಪೆ ಕೂತ. ಆಟದೊಳಗೂ ಮೊದಲು ಜಾಗಕ್ಕೆ ನಾಲ್ಕು ಮೂಲೆಯಲ್ಲಿ ಗೂಟ ಹೊಡೆದ, ಆಮೇಲೆ ಬಾವಿ ತೆಗೆದ. ಬಾವಿಯ ಬಾಯಲ್ಲಿ ತನ್ನ ಬೊಂಬೆಯನ್ನು ನಿಲ್ಲಿಸಿ ಅಭ್ಯಾಸಬಲದಿಂದ "ಮೇಲಿದ್ದೀಯಾ?" ಎಂದು ಕೂಗಿದ. ಯಾರಿರುತ್ತಾರೆ? ನಾನು ಒಲೆಯ ಮುಂದಿನಿಂದ "ಊಟಕ್ಕೆ ಬಾ" ಅಂದೆ. ಅವನ ಮುಖ ಚಿಕ್ಕದಾಯಿತು, ನಾನು ಗಮನಿಸಿದರೂ ಅರ್ಥ ಮಾಡಿಕೊಳ್ಳಲಿಲ್ಲ.

ಊಟಕ್ಕೆ ಕೂತವನು ತಟ್ಟೆಯಲ್ಲಿದ್ದ ಎಲೆಕೋಸಿನ ಸುರುಳಿ ಮುಟ್ಟಲಿಲ್ಲ.

"ಆ ಡಬ್ಬ ಸರಿಯಿಲ್ಲ ಕಣೇ. ಗುದ್ದಲಿ ಬೀಳುತ್ತೆ, ಕಲ್ಲು ಕೂತ್ಕೊಂಡು ಯೋಚನೆ ಮಾಡಿ ಆಮೇಲೆ ಒಡೆಯುತ್ತೆ. ಇದಕ್ಕಿಂತ ಬಾವೀನೇ ವಾಸಿ."

ಆ ಕೊನೆಯ ಮಾತು ಸಾಕಾಯಿತು ನನಗೆ. ಗುದ್ದಲಿ ಬಿದ್ದ ಕ್ಷಣವೇ ಕಲ್ಲು ಒಡೆಯುವ ಕಂಪ್ಯೂಟರ್ ಬೇಕು, ಇಲ್ಲದಿದ್ದರೆ ಗಂಡ ಬಾವಿಗೆ ಇಳಿಯುತ್ತಾನೆ. ನನಗೆ ಉಳಿದಿದ್ದ ಲೆಕ್ಕ ಅಷ್ಟೇ. ಓಲೆ ಮಾಡಿಸಿಕೊಳ್ಳಬೇಕೆಂದು ಎತ್ತಿಟ್ಟಿದ್ದ ಹಸಿರು ಓಪಲ್ ಮಾರಿದೆ. ಬಂದ ದುಡ್ಡಿಗೆ ಅಂಗಡಿಯ ಹೊಸ ಯಂತ್ರದ ಹೊರಮುಚ್ಚಳ ಮಾತ್ರ ಬರುತ್ತಿತ್ತು. ಹಾಗಾಗಿ ಬಿಡಿಭಾಗ ಆರಿಸಿ ನಾನೇ ಕಟ್ಟುವುದೆಂದು ತೀರ್ಮಾನಿಸಿದೆ. ಹುಟ್ಟಿದಾಗಿನಿಂದ ಕಲ್ಲು ಉಜ್ಜಿ ಹೊಳಪು ಕೊಡುವವಳು ನಾನು, ಕಣ್ಣಿದೆ, ತಾಳ್ಮೆಯಿದೆ, ಸ್ಕ್ರೂ ತಿರುಗಿಸುವುದಕ್ಕೆ ಇನ್ನೇನು ಬೇಕು.

ಓದಿದೆ. ಅಡಿಲೇಡಿನಿಂದ ಆಗಾಗ ಬಂದು ಮೋಟೆಲ್ಲಿನ ಕೊನೆಯ ಕೋಣೆಯಲ್ಲಿ ಹಳೆಯ ಕಂಪ್ಯೂಟರ್ ಭಾಗಗಳನ್ನು ಮಾರುವ ತುವಾನ್‌ನನ್ನು ಫೋನಿನಲ್ಲಿ ಪೀಡಿಸಿದೆ. ವೇಗದ ಬೀಗ ಬಿಚ್ಚಿರುವ ಪ್ರೊಸೆಸರ್ ಬೇಕು. ಬೀಗವಿದ್ದರೆ ಅದು ಹೇಳಿದ ವೇಗಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಮದರ್‌ಬೋರ್ಡಿನಲ್ಲಿ ಬಣ್ಣದ ದೀಪ ನೋಡಬಾರದು, ಪ್ರೊಸೆಸರಿಗೆ ವಿದ್ಯುತ್ ಹಾಯಿಸುವ ಕಡೆ ದಪ್ಪ ಅಲ್ಯೂಮಿನಿಯಂ ಹೊದಿಸಿದ್ದಾರೆಯೇ ನೋಡಬೇಕು, ಏಕೆಂದರೆ ವೇಗ ಹೆಚ್ಚಿಸಿದರೆ ಮೊದಲು ಬೇಯುವುದು ಅದೇ. ಪವರ್ ಸಪ್ಲೈಯಲ್ಲಿ ಜಿಪುಣತನ ಮಾಡಿದರೆ ಉಳಿದದ್ದೆಲ್ಲ ಬೂದಿ. ಗ್ರಾಫಿಕ್ಸ್ ಕಾರ್ಡ್ ಯಾರೋ ಬಳಸಿ ಬಿಟ್ಟದ್ದಾದರೂ ಆದೀತು. ತಂಪಿಗೆ ದೊಡ್ಡ ಫ್ಯಾನು ಸಾಕು. ಪಟ್ಟಣದವರು ತಂಪಿಗಾಗಿ ಎಸಿ ಹಾಕಿ ಸಾಯುತ್ತಾರೆ, ನಮಗೆ ಬಂಡೆಯಿದೆ. ಹೊರಪೆಟ್ಟಿಗೆಗೆ ದುಡ್ಡು ದಂಡ. ಸಿಡಿಮದ್ದು ಬರುವ ಮರದ ಪೆಟ್ಟಿಗೆಯೊಂದಿತ್ತು, ಅದಕ್ಕೇ ತೂತು ಕೊರೆದೆ. ದೂಳು ಒಳಹೋಗದಂತೆ ಫ್ಯಾನಿನ ಬಾಯಿಗೆ ನನ್ನ ಹಳೆಯ ಕಾಲುಚೀಲ ಬಿಗಿದೆ. ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ 'ಅಪಾಯ, ದೂರವಿರಿ' ಎಂದಿತ್ತು. ನನಗಂತೂ ಒಪ್ಪುವ ಮಾತು ಅದು.

ಉಳಿದದ್ದು ಪ್ರೊಸೆಸರ್ ಒಂದೇ. ತುವಾನ್ ಹೇಳಿದ್ದನ್ನು ಊಟದ ಹೊತ್ತಿಗೆ ಸ್ತೀಪೆಗೆ ಹೇಳಿದೆ: ಒಂದೇ ಕಾರ್ಖಾನೆ, ಒಂದೇ ಹೆಸರು, ಒಂದೇ ಬೆಲೆ. ಆದರೂ ಕೆಲವು ಚಿಪ್‌ಗಳು ಬರೆದದ್ದಕ್ಕಿಂತ ಎಷ್ಟೋ ಜೋರು ಓಡುತ್ತವೆ, ಕೆಲವು ಸ್ವಲ್ಪ ತಳ್ಳಿದರೆ ಮುಗ್ಗರಿಸುತ್ತವೆ. ಹೊರಗಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ.

ಸ್ತೀಪೆ ಚಮಚ ಕೆಳಗಿಟ್ಟ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅವನ ಕಣ್ಣು ಮಿಂಚಿತು.

"ಯಾರಿಗೂ ಆಗಲ್ವಾ? ನನ್ನ ಕರ್ಕೊಂಡು ಹೋಗು. ಥನಾಸಿಗೂ ಹೇಳು."

ಮೋಟೆಲ್ ಕೋಣೆಯಲ್ಲಿ ಕಿಟಕಿಯ ಪಕ್ಕ ಮೇಜು ಹಾಕಿ ಕೂತವನು ನಮ್ಮೂರಿನಲ್ಲಿ ಓಪಲ್ ವ್ಯಾಪಾರಿ. ಅವನು ಹಲ್ಲು ಕೀಳುವ ಡಾಕ್ಟರಾಗಿದ್ದರೂ ಅಷ್ಟೇ. ಸ್ತೀಪೆ, ಥನಾಸಿ ಇಬ್ಬರೂ ಮಿಂದು, ಇಸ್ತ್ರಿ ಅಂಗಿ ತೊಟ್ಟು, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡು ಬಂದರು. ತುವಾನ್ ಮೂರು ಪ್ರೊಸೆಸರ್ ಮೇಜಿನ ಮೇಲಿಟ್ಟ. ಇವರು ಸುಮ್ಮನೆ ಕೂತರು. ಕಿಟಕಿಯಾಚೆ ನೋಡಿದರು. ಹವಾಮಾನದ ಮಾತಾಡಿದರು. ಕಲ್ಲಿನ ಮೇಲೆ ಆಸೆಯಿದೆಯೆಂದು ತೋರಿಸಿಕೊಂಡರೆ ಬೆಲೆ ಏರುತ್ತದಲ್ಲ.

"ಯಾವುದು ಬೇಕು ಸಾರ್?" ಎಂದ ತುವಾನ್.

"ಬೇಕು ಅಂತ ಯಾರು ಹೇಳಿದ್ರು?" ಎಂದ ಥನಾಸಿ. "ಈ ಕಡೆ ಬಂದಿದ್ವಿ, ಹಾಗೇ ಒಳಗೆ ಬಂದ್ವಿ."

"ಬೆಲೆ ಚೀಟಿ ಮೇಲಿದೆ ಸಾರ್."

"ಪಾಪ, ಹೊಸಬ. ತಾನೇ ಬೆಲೆ ಹೇಳ್ಬಿಟ್ಟ" ಎಂದು ಸ್ತೀಪೆ ನನ್ನ ಕಿವಿಯಲ್ಲಿ ಮರುಗಿದ.

ಆಮೇಲೆ ಪರೀಕ್ಷೆ ಶುರುವಾಯಿತು. ಒಂದನ್ನು ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ಉಗುರಿನಿಂದ ತಟ್ಟಿ ಕಿವಿಗಿಟ್ಟುಕೊಂಡರು. ಅಡಿಯಲ್ಲಿದ್ದ ಚಿನ್ನದ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡಿ ಥನಾಸಿ "ಬಣ್ಣ ಬರೀ ತೊಗಟೇಲಿದೆ" ಎಂದು ಮೂಗು ಮುರಿದ. ತುವಾನ್ ಅಂಚಿನಲ್ಲಿ ಹಿಡಿಯಿರಿ, ಅಂಚಿನಲ್ಲಿ ಹಿಡಿಯಿರಿ ಎಂದು ಗೋಗರೆಯುತ್ತಿದ್ದ. ಅಷ್ಟರಲ್ಲಿ ನನ್ನ ಗಂಡ ಬಲಗಡೆಯದನ್ನೆತ್ತಿ ಉದ್ದಕ್ಕೆ ನೆಕ್ಕಿದ. ಪಾಲುದಾರ ನೆಕ್ಕಿದ ಮೇಲೆ ತಾನು ಹಿಂದೆ ಬೀಳಬಾರದೆಂದು ಥನಾಸಿ ಎಡಗಡೆಯದನ್ನು ನೆಕ್ಕಿದ.

ತುವಾನ್ ಕುರ್ಚಿಯಿಂದ ಎದ್ದೇಬಿಟ್ಟ. "ಏನ್ ಮಾಡ್ತಿದ್ದೀರಿ ಸಾರ್! ಕಂಪ್ಯೂಟರ್ ಚಿಪ್ ಅದು!"

"ಗೊತ್ತಯ್ಯಾ" ಎಂದ ಸ್ತೀಪೆ ಗಂಭೀರವಾಗಿ. "ನಂದ್ರಲ್ಲಿ ಬೆಂಕಿ ಇದೆ."

"ನಿಂದ್ರಲ್ಲಿ ಏನಿಲ್ಲ, ಬರೀ ಉಪ್ಪು" ಎಂದ ಥನಾಸಿ. "ಬೆಂಕಿ ನಂದ್ರಲ್ಲಿ."

"ನೆಕ್ಕಿದ್ದನ್ನ ನಾನು ವಾಪಸ್ ತಗೊಳಲ್ಲ" ಎಂದ ತುವಾನ್, ಅಳುವ ದನಿಯಲ್ಲಿ. ನ್ಯಾಯವಾಗಿತ್ತು. ನಾನು ಸ್ತೀಪೆಯದಕ್ಕೆ ದುಡ್ಡು ಕೊಟ್ಟೆ, ಥನಾಸಿ ತನ್ನದಕ್ಕೆ ಕೊಟ್ಟ. ಬಾಗಿಲ ಹತ್ತಿರ ತುವಾನ್ ನನ್ನ ಕೈಗೆ ಸ್ಪಿರಿಟ್ ಬಾಟಲಿ ತುರುಕಿ "ಚೆನ್ನಾಗಿ ಒರೆಸಿ ಅಮ್ಮಾ" ಅಂದ. ಮೂರನೆಯ ಚಿಪ್ ಅನ್ನು ಅವನು ಜೇಬಿನಲ್ಲಿ ಬಚ್ಚಿಟ್ಟುಕೊಂಡದ್ದು ಕಂಡೆ.

ಮೊದಲು ಗಂಡನ ಚಿಪ್ ಕೂರಿಸಿದೆ. ಕಲ್ಲು ಉಜ್ಜುವ ಹಾಗೆಯೇ ಕೆಲಸ: ಚೂರು ಏರಿಸುವುದು, ನೋಡುವುದು, ಮತ್ತೆ ಚೂರು. ಏರಿಸಿದ ವೇಗಕ್ಕೆ ತಕ್ಕಷ್ಟು ವಿದ್ಯುತ್ತು, ಏರಿಸಿದ ವಿದ್ಯುತ್ತಿಗೆ ತಕ್ಕಷ್ಟು ಬಿಸಿ. ಹಿಂದೆ ನಿಂತು ಥನಾಸಿ "ಒಂದೇ ಸಲ ಏರಿಸು ಅತ್ತಿಗೆ, ಮದ್ದು ಇಟ್ಟಂಗೆ" ಎನ್ನುತ್ತಿದ್ದ. ಅವನ ಕೈಗೆ ಕಾಫಿ ಕೊಟ್ಟು ಬಾಯಿ ಮುಚ್ಚಿಸಿದೆ. ಸ್ತೀಪೆಯ ಚಿಪ್ ಎರಡು ಮೆಟ್ಟಿಲು ಹತ್ತಿತು, ಮೂರನೆಯದಕ್ಕೆ ಪರದೆ ನೀಲಿಯಾಗಿ ನಿಂತಿತು. ವಿದ್ಯುತ್ತು ಹೆಚ್ಚಿಸಿದೆ, ಮತ್ತೆ ನೀಲಿ. ಎಷ್ಟು ಮುದ್ದು ಮಾಡಿದರೂ ಅಷ್ಟೇ.

"ಪಾಚ್" ಎಂದ ಥನಾಸಿ. ಬಣ್ಣವೇ ಇಲ್ಲದ ಬರಿ ಬಿಳಿಕಲ್ಲಿಗೆ ನಾವು ಹಾಗನ್ನುತ್ತೇವೆ. ಮೂವತ್ತು ವರ್ಷ ಕಲ್ಲು ಆರಿಸಿದವನಿಗೆ ಮುಖದ ಮೇಲೆ ಅದನ್ನು ಹೇಳುವುದೆಂದರೆ ಉಗಿದ ಹಾಗೆ.

ಥನಾಸಿಯ ಚಿಪ್ ಹಾಕಿದೆ. ಏರಿತು. ಮತ್ತೆ ಏರಿತು. ನಾನು ಹೆದರಿ ಕೈ ತೆಗೆದರೂ ಅದು ಇನ್ನೂ ಬೇಕೆನ್ನುತ್ತಿತ್ತು. ಬಂಡೆಯ ತಂಪಿಗೆ ಬಿಸಿಯೂ ಏರಲಿಲ್ಲ. ಆಟ ಹಚ್ಚಿದೆವು. ಸ್ತೀಪೆ ಗುದ್ದಲಿ ಎತ್ತಿದ, ಹೊಡೆದ, ಕಲ್ಲು ಅದೇ ಕ್ಷಣ ಒಡೆಯಿತು. ಇನ್ನೊಂದು. ಮತ್ತೊಂದು. ಅವನ ಬೆನ್ನು ನೆಟ್ಟಗಾದದ್ದು ನೋಡಿ ನನಗೆ ಸಂತೋಷ ತಡೆಯಲಾಗಲಿಲ್ಲ. ಇಬ್ಬರಿಗೂ ರಾಕಿಯಾ ಸಾರಾಯಿ ಬಗ್ಗಿಸಿ ತಂದೆ. ಬರುವಷ್ಟರಲ್ಲಿ ಯಂತ್ರ ಆರಿತ್ತು, ಫ್ಯಾನು ಬಿಚ್ಚಿತ್ತು, ಥನಾಸಿ ತನ್ನ ಚಿಪ್ ಒರೆಸಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ.

"ನಂದು ಇದು" ಎಂದ, ನನ್ನ ಕಣ್ಣು ತಪ್ಪಿಸುತ್ತ. "ಬೇಕಾದ್ರೆ ಬಂದು ತಗೊಳ್ಲಿ. ಬಾವಿ ಹತ್ರ."

"ತಲೆ ಕೆಟ್ಟಿದೆಯೇನೋ ನಿಂಗೆ?"

"ಪಾಲುದಾರ ಅಂದ್ರೆ ಪಾಲುದಾರ ಅತ್ತಿಗೆ. ಕೈ ಕುಲುಕಿದೀವಿ. ಪೂರ್ತಿ ದಿನ ಬೇಡ, ಅರ್ಧ ದಿನ ಬರ್ಲಿ. ಆಟದಲ್ಲಿ ಅಗೆದಿದ್ರಲ್ಲೂ ಅರ್ಧ ನಂದು ಬರ್ಬೇಕಿತ್ತು, ನಾನು ಕೇಳಿದ್ನಾ?"

"ಅವನ ಹೃದಯದಲ್ಲೂ ಅರ್ಧ ನಿಂದೇನೋ ಹಾಗಾದ್ರೆ?"

"ಹೌದು, ನಂದೇ! ಬಕೆಟ್ಟಲ್ಲಿ ಎತ್ತಿದೋನು ಯಾರು?"

ಬಾಗಿಲು ತೋರಿಸಿದೆ. ಅವನು ಹೊರಟುಹೋದ. ರಾಕಿಯಾ ಎರಡೂ ನಾನೇ ಕುಡಿದೆ.

ಅಂದಿನಿಂದ ಸ್ತೀಪೆ ತನ್ನ ಪಾಚ್ ಚಿಪ್‌ನ ಮುಂದೆ ಕೂತು ಅಗೆಯುತ್ತಿದ್ದ. ಗುದ್ದಲಿ ಬೀಳುತ್ತಿತ್ತು, ಕಲ್ಲು ಯೋಚಿಸುತ್ತಿತ್ತು. ಹಳೆಯ ಡಬ್ಬದಷ್ಟು ನಿಧಾನವಲ್ಲ, ಆದರೆ ಥನಾಸಿಯ ಚಿಪ್ ಕಂಡ ಕಣ್ಣಿಗೆ ಅದು ಸಾಲದು. ಭಾನುವಾರ ನಾನು ಪೂಜೆ ಮುಗಿಸಿಕೊಂಡು ಚರ್ಚಿನಿಂದ ಬಂದರೆ, ಹೊಸಿಲಲ್ಲಿ ಕೂತು ಬಾವಿಯ ಬೂಟಿಗೆ ಎಣ್ಣೆ ಹಚ್ಚುತ್ತಿದ್ದ.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಚಿಪ್ ಇಸ್ಕೊಂಡು ಬರ್ತೀನಿ ಅಷ್ಟೆ."

"ಚಿಪ್ ಇಸ್ಕೊಳ್ಳೋಕೆ ಬೂಟಿಗೆ ಎಣ್ಣೆ ಯಾಕೋ?"

ಅವನು ನೀರು ಕುಡಿಯಲು ಒಳಗೆ ಹೋದ ಹೊತ್ತಿಗೆ ಬೂಟೆರಡನ್ನೂ ನನ್ನ ಕಾಲಿಗೇ ಹಾಕಿಕೊಂಡೆ. ಒಳಗೆ ಇನ್ನೊಂದು ಜೊತೆ ಕಾಲು ಹಿಡಿಸುವಷ್ಟು ಜಾಗವಿತ್ತು. ಪಾದರಕ್ಷೆಯೆಂಬುದೇನಿದ್ದರೂ ಎಲ್ಲವನ್ನೂ, ಅವನ ಚಪ್ಪಲಿಯನ್ನೂ ಸೇರಿಸಿ, ಪಿಕಪ್ಪಿಗೆ ಎಸೆದು ಥನಾಸಿಯ ಬಾವಿಯತ್ತ ಹೊರಟೆ. ಬೇಡಿಯಾದರೂ ಸರಿ, ಬಡಿದಾದರೂ ಸರಿ, ಚಿಪ್ ತರಲೇಬೇಕೆಂದುಕೊಂಡೆ. ಬಿಸಿಲಿಗೆ ದಾರಿಯೇ ಕುಣಿಯುತ್ತಿತ್ತು.

ಬಾವಿಯ ಹತ್ತಿರ ಸದ್ದಿರಲಿಲ್ಲ. ಮಣ್ಣು ಹೀರುವ ಲಾರಿ ನಿಂತಿತ್ತು. ಅದರ ದಪ್ಪ ಪೈಪು ಬಾವಿಯೊಳಗೆ ಇಳಿದಿತ್ತು. ಆ ಪೈಪಿನಲ್ಲಿ ಮಣ್ಣು ಮೇಲೆ ಬಂದು ಲಾರಿಯ ಡ್ರಮ್ಮು ತುಂಬುತ್ತದೆ. ಎಳೆತ ನಿಂತರೆ ಡ್ರಮ್ಮಿನ ಬಾಯಿ ತಾನಾಗಿ ತೆರೆದು ಎಲ್ಲ ಗುಡ್ಡೆಯ ಮೇಲೆ ಸುರಿಯುತ್ತದೆ. ಎಂಜಿನ್ ಆರಿತ್ತು, ಆದರೆ ಕೀಲಿ ಇನ್ನೂ ತಿರುಗಿಸಿದಂತೆಯೇ ಇತ್ತು. ಡೀಸೆಲ್ ಮುಳ್ಳು ತಳ ಮುಟ್ಟಿತ್ತು.

ಥನಾಸಿ ಊಟಕ್ಕೆ ಹೋಗಿರಬೇಕೆಂದುಕೊಂಡೆ. ಕಾಯುವುದೆಂದರೆ ನಮ್ಮೂರ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ: ಗುಡ್ಡೆ ಕೆದಕಿದೆ. ಅಗೆದವನು ನೋಡದೆ ಹೊರಗೆಸೆದದ್ದು ಕೆದಕಿದವರ ಪಾಲು, ಅದು ಮೂರನೆಯ ನಿಯಮ. ಕೊನೆಯದಾಗಿ ಸುರಿದ ಮೆತ್ತನೆಯ ಮಣ್ಣಿನ ಮೇಲೆ, ಕಲ್ಲುಪುಡಿಯ ನಡುವೆ ಏನೋ ಹೊಳೆಯಿತು. ಎತ್ತಿದೆ, ಒರೆಸಿದೆ, ನೆಕ್ಕಿದೆ. ಏನು ಮಾಡಲಿ, ಅಭ್ಯಾಸ. ಚಿನ್ನದ ಚುಕ್ಕೆಗಳು ಕಂಡವು. ಥನಾಸಿಯ ಪ್ರೊಸೆಸರ್! ಒಂದು ಮೂಲೆ ಮುರಿದಿತ್ತು.

ಸಂತೋಷದಿಂದ ಕೂಗಿಯೇಬಿಟ್ಟೆ. ಆಮೇಲೆ ಯೋಚನೆ ಬಂತು. ಜೇಬಿನಲ್ಲಿದ್ದ ಚಿಪ್ ಪೈಪಿನಲ್ಲಿ ಮೇಲೆ ಬಂದಿದೆ. ಜೇಬು ಎಲ್ಲಿದೆ? ಗಂಡನ ಬೂಟಿನಲ್ಲಿ ಎಡವುತ್ತ ಬಾವಿಯ ಬಾಯಿಗೆ ಓಡಿದೆ.

"ಥನಾಸೀ! ಕೆಳಗಿದ್ದೀಯಾ?"

ಮೂರು ಸಲ ಕೂಗಿದೆ. ಆಮೇಲೆ ತಳದಿಂದ ಒಣ ದನಿ ಬಂತು.

"ಇಳೀಬೇಡ ಅತ್ತಿಗೆ."

"ನಾನ್ಯಾಕೆ ಇಳೀಲಿ? ನೀನು ಹತ್ತು!"

"ಆಗಲ್ಲ. ಮಂಡಿ ಹೋಗಿದೆ."

"ರಾಟೆ ಹತ್ರ ಯಾರನ್ನ ಬಿಟ್ಟಿದ್ದೆ?"

"ಲಾರಿ ಇತ್ತಲ್ಲ."

"ಕೇಳ್ತಿದ್ದೀನಿ, ಮೇಲೆ ಯಾರನ್ನ ಬಿಟ್ಟಿದ್ದೆಯೋ?"

"ಯಾರಿದ್ದಾರೆ ಬಿಡೋಕೆ?" ಎಂದ. ಆಮೇಲೆ ಮಗುವಿನ ಹಾಗೆ ಶುರು ಮಾಡಿದ: "ಚಿಪ್ ಕಳೆದುಹೋಯ್ತು ಅತ್ತಿಗೆ. ಬಗ್ಗಿದೆ, ಜೇಬಿಂದ ಜಾರ್ತು, ಹಿಡಿಯೋಕೆ ಹೋಗಿ ಬಿದ್ದೆ, ಪೈಪು ಎಳ್ಕೊಂಡ್ಬಿಡ್ತು. ಸ್ತೀಪೆಗೆ ಹೇಳ್ಬೇಡ. ಅವನಿಗೆ ಕೊಡೋಣ ಅಂತಲೇ ಇದ್ದೆ. ದೇವರಾಣೆ, ಕೊಡೋಣ ಅಂತಲೇ ಇದ್ದೆ."

"ಯಾವಾಗ ಬಿದ್ದೆ?"

"ಕಾಫಿ ಕುಡಿದು ಇಳಿದೆನಲ್ಲ, ಆಗ."

"ಇವತ್ತಿನ ಕಾಫೀನಾ?"

"ನಿನ್ನೇದು" ಎಂದ.

ಒಂದು ಹಗಲು ಒಂದು ರಾತ್ರಿ ಅವನು ಆ ತಳದಲ್ಲಿ ಬಿದ್ದಿದ್ದ. ತಲೆಯ ಮೇಲೆ ಲಾರಿ ಡೀಸೆಲ್ ಮುಗಿಯುವವರೆಗೆ ಗುರುಗುಟ್ಟಿತ್ತು. ಊರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಸದ್ದು ನಿಂತದ್ದನ್ನು ಗಮನಿಸಬೇಕಾದವನನ್ನು ನಾನು ಮನೆಯಲ್ಲಿ ಕೂರಿಸಿಕೊಂಡು ಫ್ಯಾನಿನ ಬಾಯಿಗೆ ಕಾಲುಚೀಲ ಕಟ್ಟುತ್ತಿದ್ದೆ. ಮುಂಗೋಪಿ ನಾನು, ಅಳು ಬರಬೇಕಾದಲ್ಲೂ ಸಿಟ್ಟು ಬರುತ್ತದೆ. ಬಾಯಿಗೆ ಬಂದದ್ದೆಲ್ಲ ಬೈಯುತ್ತ, ಮೊದಲು ನೀರಿನ ಬಾಟಲಿ ಕಟ್ಟಿ ಬಕೆಟ್ ಇಳಿಸಿದೆ. ಆಮೇಲೆ ಅವನನ್ನು ಎತ್ತಿದೆ. ಬಕೆಟ್ಟಿನಲ್ಲಿ ಮಡಿಸಿಕೊಂಡು ಬಂದವನು ಗುಡ್ಡೆಯ ನೆರಳಿನಲ್ಲಿ ಕೂತು, ಗಡ್ಡದ ತುಂಬ ಕೆಂಪು ಮಣ್ಣು, ನನ್ನ ಕೈಯಲ್ಲಿದ್ದ ಚಿಪ್ ನೋಡಿದ.

"ಸಿಕ್ತಾ!" ಎಂದು ಕೈ ಚಾಚಿದ.

"ಗುಡ್ಡೇಲಿ ಸಿಕ್ತು. ನಂದು."

ನಿಯಮ ಗೊತ್ತಿದ್ದವನು ಕೈ ಹಿಂದಕ್ಕೆ ತೆಗೆದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಮಂಡಿ ಸವರಿಕೊಳ್ಳುತ್ತ, "ಪಟ್ಟಿ ಕಟ್ಕೊಂಡ್ರೆ ನಾಳೆ ಇಳೀಬಹುದು" ಅಂದ. ಅದೂ ಒಬ್ಬನೇ. ಇವನಿಗೆ ಬುದ್ಧಿ ಹೇಳುವುದಕ್ಕಿಂತ ಬಂಡೆಗೆ ಹೇಳಬಹುದು.

ನಾನು ಲಾರಿಯ ಪೆಟ್ಟಿಗೆಯಿಂದ ಸ್ಪ್ಯಾನರ್ ತೆಗೆದೆ. ಬಾಗಿಲು ತೆರೆದು ಚಾಲಕನ ಸೀಟಿನ ಬೋಲ್ಟುಗಳನ್ನು ಬಿಚ್ಚತೊಡಗಿದೆ.

"ಏನ್ ಮಾಡ್ತಿದ್ದೀಯ? ಅತ್ತಿಗೇ! ಲಾರಿ ಅರ್ಧ ನಂದು!"

"ಹೂಂ. ಇನ್ನರ್ಧ ನನ್ನ ಗಂಡಂದು. ಸೀಟು ಆ ಅರ್ಧದಲ್ಲಿದೆ."

"ಸೀಟಿಲ್ದೆ ಲಾರಿ ಹೇಗೆ ಓಡಿಸ್ಲಿ?"

"ನಿನ್ನರ್ಧ ನೀನು ಓಡಿಸ್ಕೋ."

ಬೋಲ್ಟು ತುಕ್ಕು ಹಿಡಿದಿದ್ದವು, ಅಂಗೈ ಕಿತ್ತುಬಂತು. ಆದರೂ ಬಿಚ್ಚಿದೆ. ಸೀಟನ್ನೂ ಥನಾಸಿಯನ್ನೂ ಚಪ್ಪಲಿಗಳ ಮೇಲೆ ಪಿಕಪ್ಪಿನಲ್ಲಿ ಹಾಕಿಕೊಂಡು, ಡಾಕ್ಟರ ಹತ್ತಿರ ಮಂಡಿ ಕಟ್ಟಿಸಿ, ಮನೆಗೆ ತಂದೆ.

ಸ್ತೀಪೆ ಬರಿಗಾಲಲ್ಲಿ ಹೊಸಿಲಲ್ಲೇ ನಿಂತಿದ್ದ. ಬೂಟು ಹಾಕಿಕೊಂಡ ನನ್ನನ್ನು ನೋಡಿದ, ಸೀಟು ನೋಡಿದ, ಪಾಲುದಾರನ ಕಾಲು ನೋಡಿದ. ನಡೆದದ್ದನ್ನು ನಾನೇ ಹೇಳಿದೆ. ಥನಾಸಿ ತಲೆ ತಗ್ಗಿಸಿಕೊಂಡಿದ್ದ. ಸ್ತೀಪೆ ಅವನ ಹತ್ತಿರ ಹೋಗಿ ಭುಜಕ್ಕೊಂದು ಗುದ್ದಿದ, ಜೋರಾಗಿಯೇ.

"ಒಬ್ಬನೇ ಇಳಿದ್ಯೇನೋ? ಕತ್ತೆ!"

"ನೀನು ಬರ್ಲಿಲ್ವಲ್ಲೋ" ಎಂದ ಥನಾಸಿ. ಇಬ್ಬರೂ ಮೂಗು ಒರೆಸಿಕೊಂಡರು, ದೂಳು ಬಹಳ ಎಂದುಕೊಂಡರು.

ಮೊದಲು ಮುರಿದ ಮೂಲೆಯ ಚಿಪ್ ಕೂರಿಸಿ ನೋಡಿದೆ. ಫ್ಯಾನು ತಿರುಗಿತು, ಅಷ್ಟೇ. ಪರದೆ ಕಪ್ಪಗೆ ಹಾಗೆಯೇ ಇತ್ತು. ತೆಗೆದೆ, ಒರೆಸಿದೆ, ಮತ್ತೆ ಹಾಕಿದೆ. ಇಲ್ಲ. ಅಷ್ಟು ಬೆಂಕಿಯಿದ್ದ ಕಲ್ಲು ಸತ್ತುಹೋಗಿತ್ತು. ನನ್ನ ಹಸಿರು ಓಪಲ್, ನನ್ನ ಓಲೆ, ಎರಡು ತಿಂಗಳ ಓದು ಎಲ್ಲ ನೆನಪಾಯಿತು. ಬೇರೆ ದಾರಿಯಿಲ್ಲದೆ ಸ್ತೀಪೆಯ ಪಾಚ್ ಚಿಪ್ ಅನ್ನೇ ವಾಪಸ್ ಹಾಕಿದೆ, ಅದು ಒಪ್ಪುವ ಎರಡೇ ಮೆಟ್ಟಿಲು ಏರಿಸಿದೆ. ಲಾರಿಯ ಸೀಟನ್ನು ಅವನ ಕುರ್ಚಿಯ ಪಕ್ಕ ಕಲ್ಲಿಗೆ ಬೋಲ್ಟು ಹಾಕಿ ಬಿಗಿದೆ, ಯಾರೂ ಎತ್ತಿಕೊಂಡು ಹೋಗಬಾರದೆಂದು. ಥನಾಸಿ ಕಟ್ಟಿದ ಕಾಲು ಚಾಚಿ ಕೂತ.

ಆಟ ಹಚ್ಚಿದರು. ಪರದೆ ಮೊದಲಿನಂತೆಯೇ ತಡವರಿಸುತ್ತಿತ್ತು. ಗಂಡ ಈಗ ಮುಖ ಸಿಂಡರಿಸುತ್ತಾನೆ, 'ಇದಕ್ಕಿಂತ ಬಾವೀನೇ ವಾಸಿ' ಎನ್ನುತ್ತಾನೆಂದು ನಾನು ಒಲೆಯ ಮುಂದೆ ಸೌಟು ಹಿಡಿದು ಕಿವಿಗೊಟ್ಟು ನಿಂತೆ. ಸ್ತೀಪೆ ತನ್ನ ಬೊಂಬೆಯನ್ನು ಬಾವಿಯ ಬಾಯಿಗೆ ನಡೆಸಿಕೊಂಡು ಹೋಗಿ ನಿಲ್ಲಿಸಿದ. ಪಕ್ಕದಲ್ಲಿ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ ಕೂತವನಿಗೆ, ಮನೆಯೆಲ್ಲ ಕೇಳುವಂತೆ ಕೂಗಿದ.

"ಮೇಲಿದ್ದೀಯಾ?"

"ಇದ್ದೀನಿ" ಎಂದ ಥನಾಸಿ. "ಇಳಿ."

ಸ್ತೀಪೆ ಇಳಿದ.